ಪಿರಮಿಡ್ ನರಪಥ

ಪಿರಮಿಡ್ ನರಪಥವು ಮಿದುಳಿನ ತೊಗಟೆಯಿಂದ ಹೊರಟು ಮಿದುಳುಕಾಂಡ ಮತ್ತು ಬೆನ್ನುಹುರಿಯನ್ನು ತಲಪುವ ನರತಂತುಗಳ ಕಟ್ಟು. ಐಚ್ಛಿಕ ಚಲನೆಗಳನ್ನು, ವಿಶೇಷವಾಗಿ ಕೈಬೆರಳುಗಳ ಸೂಕ್ಷ್ಮ ಚಲನೆಗಳನ್ನು, ಇದು ನಿಯಂತ್ರಿಸುತ್ತದೆ. ಇದರಲ್ಲಿ ಎರಡು ಭಾಗಗಳಿವೆ: ಬೆನ್ನುಹುರಿಗೆ ಇಳಿಯುವ ಕಾರ್ಟಿಕೋಸ್ಪೈನಲ್ ಪಥ ಮತ್ತು ಮಿದುಳುಕಾಂಡದಲ್ಲಿರುವ ಕಪಾಲ ನರಗಳ ಚಾಲಕ ಕೇಂದ್ರಗಳಿಗೆ ಸಂದೇಶ ಒಯ್ಯುವ ಕಾರ್ಟಿಕೋಬಲ್ಬಾರ್ ಪಥ. ಮೆಡುಲಾದ ಮುಂಭಾಗದಲ್ಲಿ ಈ ತಂತುಗಳು ಉಂಟುಮಾಡುವ ಪಿರಮಿಡ್ ಎಂಬ ಉಬ್ಬುಗಳಿಂದ ಈ ಹೆಸರು ಬಂದಿದೆ.

ಉಗಮ

ತೊಗಟೆಯ ಐದನೆಯ ಪದರದಲ್ಲಿರುವ ನರಕೋಶಗಳಿಂದ ಈ ತಂತುಗಳು ಹುಟ್ಟುತ್ತವೆ. ಪ್ರಾಥಮಿಕ ಚಾಲಕ ಪ್ರದೇಶ, ಅದರ ಮುಂದಿನ ಪ್ರದೇಶಗಳು ಹಾಗೂ ಸ್ಪರ್ಶ ಸಂವೇದನೆಯ ಪ್ರದೇಶ ಇವುಗಳ ಮುಖ್ಯ ಮೂಲಗಳು. ವ್ಲಾದಿಮಿರ್ ಬೆಟ್ಜ್ 1874ರಲ್ಲಿ ವಿವರಿಸಿದ ದೈತ್ಯ ನರಕೋಶಗಳೂ ಇದರಲ್ಲಿ ಸೇರಿವೆ. ಆದರೆ ಒಟ್ಟು ತಂತುಗಳಲ್ಲಿ ಅವುಗಳ ಪಾಲು ಅತ್ಯಲ್ಪ.

ಮಾರ್ಗ

ತೊಗಟೆಯಿಂದ ಇಳಿಯುವ ತಂತುಗಳು ಆಂತರಿಕ ಕ್ಯಾಪ್ಸೂಲ್‌ನ ಹಿಂಭಾಗದಲ್ಲಿ ಒತ್ತೊತ್ತಾಗಿ ಸೇರಿ, ಮಧ್ಯಮಿದುಳು ಮತ್ತು ಪಾನ್ಸ್‌ಗಳ ಮೂಲಕ ಮೆಡುಲಾವನ್ನು ತಲಪುತ್ತವೆ. ಮೆಡುಲಾದ ಕೆಳತುದಿಯಲ್ಲಿ ಕಾರ್ಟಿಕೋಸ್ಪೈನಲ್ ತಂತುಗಳಲ್ಲಿ ಸುಮಾರು 75ರಿಂದ 90 ಪ್ರತಿಶತ ತಂತುಗಳು ಎದುರು ಬದಿಗೆ ದಾಟಿ, ಬೆನ್ನುಹುರಿಯ ಪಾರ್ಶ್ವ ಪಥವಾಗಿ ಮುಂದುವರಿಯುತ್ತವೆ. ಉಳಿದವುಗಳಲ್ಲಿ ಹೆಚ್ಚಿನವು ಮುಂಭಾಗದ ಪಥವಾಗಿ ಅದೇ ಬದಿಯಲ್ಲಿ ಇಳಿದು, ಮುಖ್ಯವಾಗಿ ಮುಂಡದ ಸ್ನಾಯುಗಳ ನಿಯಂತ್ರಣದಲ್ಲಿ ಪಾಲ್ಗೊಳ್ಳುತ್ತವೆ. ತಂತುಗಳು ನೇರವಾಗಿಯೋ ಮಧ್ಯವರ್ತಿ ನರಕೋಶಗಳ ಮೂಲಕವೋ ಕೆಳ ಚಾಲಕ ನರಕೋಶಗಳಿಗೆ ಸಂದೇಶ ನೀಡುತ್ತವೆ. ಇವು ಸ್ನಾಯುಗಳನ್ನು ಸಂಕುಚಿಸುತ್ತವೆ.

ಹಾನಿಯ ಲಕ್ಷಣಗಳು

ಹೀಗೆ ತಂತುಗಳು ದಾಟುವುದರಿಂದ, ಮಿದುಳಿನ ಬಲಭಾಗದ ಹಾನಿಯು ದೇಹದ ಎಡಭಾಗವನ್ನು ದುರ್ಬಲಗೊಳಿಸುತ್ತದೆ. ದಾಟುವಿಕೆಯ ಕೆಳಗೆ, ಬೆನ್ನುಹುರಿಯ ಒಂದು ಬದಿಗೆ ಪೆಟ್ಟಾದರೆ ಅದೇ ಬದಿಯ ಅಂಗಗಳು ಶಕ್ತಿಗುಂದುತ್ತವೆ. ಆಂತರಿಕ ಕ್ಯಾಪ್ಸೂಲ್‌ನಲ್ಲಿ ತಂತುಗಳು ಇಕ್ಕಟ್ಟಾಗಿರುವುದರಿಂದ, ಅಲ್ಲಿ ರಕ್ತಸಂಚಾರ ನಿಂತು ಆಗುವ ಸಣ್ಣ ಹಾನಿಯೂ ಮುಖ, ಕೈ ಮತ್ತು ಕಾಲುಗಳೆಲ್ಲವನ್ನೂ ಒಳಗೊಂಡ ಪಾರ್ಶ್ವವಾಯುವಿಗೆ ಕಾರಣವಾಗಬಲ್ಲದು.

ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಅರ್ಧಗಳಿಂದ ಸಂದೇಶ ಬರುತ್ತದೆ; ಮುಖದ ಕೆಳಭಾಗಕ್ಕೆ ಮುಖ್ಯವಾಗಿ ಎದುರು ಬದಿಯಿಂದ ಮಾತ್ರ. ಆದುದರಿಂದ ಮಿದುಳಿನ ಆಘಾತದಲ್ಲಿ ಬಾಯಿ ಸೊಟ್ಟಗಾದರೂ ರೋಗಿಯು ಸಾಮಾನ್ಯವಾಗಿ ಹಣೆಯನ್ನು ಸುಕ್ಕುಗಟ್ಟಿಸಬಲ್ಲನು. ಮುಖದ ನರಕ್ಕೇ ಹಾನಿಯಾಗುವ ಬೆಲ್ ಪಾರ್ಶ್ವವಾಯುವಿನಲ್ಲಿ ಹಣೆಯೂ ಚಲಿಸದು.

ಹಾನಿಯಾದ ಆರಂಭದಲ್ಲಿ ಸ್ನಾಯುಗಳು ಸಡಿಲವಾಗಿರಬಹುದು. ಕ್ರಮೇಣ ಬಿಗಿತವೂ ತೀವ್ರ ಪ್ರತಿವರ್ತನಗಳೂ ಕಾಣಿಸುತ್ತವೆ. ಅಂಗಾಲಿನ ಹೊರ ಅಂಚನ್ನು ಗೀರಿದಾಗ ಹೆಬ್ಬೆರಳು ಕೆಳಕ್ಕೆ ಬಾಗುವ ಬದಲು ಮೇಲಕ್ಕೆ ಏಳುತ್ತದೆ. ಜೋಸೆಫ್ ಬಾಬಿನ್‌ಸ್ಕಿ 1896ರಲ್ಲಿ ವಿವರಿಸಿದ ಈ ಚಿಹ್ನೆಯು ವಯಸ್ಕರಲ್ಲಿ ಪಿರಮಿಡ್ ನರಪಥದ ಹಾನಿಯನ್ನು ಸೂಚಿಸುತ್ತದೆ. ಶಿಶುಗಳಲ್ಲಿ ತಂತುಗಳ ಮೈಲಿನ್ ಹೊದಿಕೆ ಇನ್ನೂ ಪೂರ್ಣಗೊಂಡಿರುವುದಿಲ್ಲವಾದ್ದರಿಂದ ಇದು ಸಹಜ.