ಕೇಪಿನ ಕೋವಿಯೂ ಕಡವೆಯ ಹೆಗಲೂ

ಮಂಗಳೂರಿನ ಪೂರ್ವಕ್ಕೆ, ಘಟ್ಟದ ಬುಡದ ದಟ್ಟ ಕಾಡಿನಲ್ಲಿ ಮಿಕ ಕಣ್ಣಿಗೆ ಬೀಳುವುದೇ ತೀರಾ ಸಮೀಪದಲ್ಲಿ. ಅಡಿಕೆ ತೋಟದ ಮನೆಗಳಲ್ಲಿದ್ದ ಕೇಪಿನ ಕೋವಿಗೆ ಆ ದೂರ ಹೇಳಿ ಮಾಡಿಸಿದಂತಿತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಮೇಲೆ ಸೀಸದ ಗುಂಡನ್ನೋ ಚರೆಯನ್ನೋ ತುಂಬುತ್ತಿದ್ದರು.

ಉಂಡೆ ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಹತ್ತಿರದಲ್ಲಿ ಅದರ ಪೆಟ್ಟು ದೊಡ್ಡದು. ಆದರೆ ಸೀಸ ಮೆದು. ಪಕ್ಕೆಲುಬಿನ ನಡುವೆ ಹೊಕ್ಕರೆ ಶ್ವಾಸಕೋಶ ಸೀಳುತ್ತದೆ; ಕಡವೆಯ ದಪ್ಪ ಹೆಗಲಮೂಳೆಗೆ ಬಡಿದರೆ ಚಪ್ಪಟೆಯಾಗಿ ಅಲ್ಲೇ ನಿಲ್ಲಲೂಬಹುದು. ರೈಫಲ್ಲಿನ ಮೆದುಮೂತಿಯ ಗುಂಡಿಗೆ ಬೇರೆ ತೊಡಕು. ಸಮೀಪದಲ್ಲಿ ವೇಗ ಇನ್ನೂ ಇಳಿಯದೆ ಇರುವುದರಿಂದ ಮೂಳೆ ತಾಗಿದೊಡನೆ ಚೂರಾಗಿ, ಎದೆಗೂಡು ಮುಟ್ಟದೆ ಹೋಗಬಹುದು.

ಎಲ್ಲಕ್ಕಿಂತ ಕ್ರೂರ ಚರೆಯ ಈಡು. ಹತ್ತಿರದಲ್ಲಿ ಒತ್ತಾಗಿ ಹೋಗುವ ಚರೆ ತುಸು ದೂರವಾದರೆ ಚದುರುತ್ತದೆ. ಗಾಯಗೊಂಡ ಜಿಂಕೆ ಪೊದೆ ಹೊಕ್ಕು ದಿನಗಟ್ಟಲೆ ನರಳಿ ಸಾಯುತ್ತದೆ, ಬೇಟೆಗಾರನ ಕೈಗೂ ಸಿಗದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪರವಾನಗಿ ಬೇಟೆಗೆ ಒಂದಿಷ್ಟು ಅವಕಾಶ ಉಳಿಸಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಬೆಳೆ ರಕ್ಷಣೆಯ ಪರವಾನಗಿ ಕೋವಿಗಳು ಜಿಲ್ಲೆಯಲ್ಲಿ ಇಂದಿಗೂ ಉಂಟು. ಅವುಗಳಿಂದ ಕಡವೆ, ಜಿಂಕೆಗಳ ಬೇಟೆಯಾಡುವುದು ಅಪರಾಧ.