ಕುಜನ ನೆಲದಲ್ಲಿ ಕುಂಟು ಗಾಲಿ

ಮಂಗಳ ಗ್ರಹಕ್ಕೆ ನಮ್ಮ ಹಿರಿಯರು ಕೊಟ್ಟ ಹೆಸರುಗಳಲ್ಲಿ ‘ಕುಜ’ ಎಂಬುದೊಂದು. ‘ಕು’ ಎಂದರೆ ಭೂಮಿ. ಕುಜನೆಂದರೆ ಭೂಮಿಯಲ್ಲಿ ಹುಟ್ಟಿದವನು. ಜಾತಕ ನೋಡುವಾಗ ಕುಜದೋಷದ ಮಾತನ್ನು ತಾವೆಲ್ಲರೂ ಕೇಳಿದ್ದೀರಿ. ಭೂಮಿಯಲ್ಲಿ ಹುಟ್ಟಿದ ಬಂಡಿಗಳು ಆ ಕುಜನ ಮೇಲೆ ಓಡಾಡಿದ ಚರಿತ್ರೆಯನ್ನು ಈಗ ಸ್ವಲ್ಪ ನೋಡೋಣ.

1971ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟದ ‘ಮಾರ್ಸ್ 3’ ನೌಕೆ ಅಲ್ಲಿ ಮೆಲ್ಲನೆ ಇಳಿಯಿತು. ಅದರೊಳಗೆ ಹೆಜ್ಜೆಯಿಟ್ಟು ನಡೆಯಬೇಕಾದ ಪುಟ್ಟ ಯಂತ್ರವೊಂದಿತ್ತು. ಆದರೆ ಕೆಲವೇ ಕ್ಷಣಗಳಲ್ಲಿ ನೌಕೆಯ ದನಿ ನಿಂತುಹೋಯಿತು. ಯಂತ್ರ ನಡೆದ ಸುದ್ದಿ ಬರಲೇ ಇಲ್ಲ. ಅಲ್ಲಿ ಮೊದಲು ಗಾಲಿ ಉರುಳಿಸಿದ್ದು 1997ರಲ್ಲಿ ಇಳಿದ ಅಮೆರಿಕದ ‘ಸೋಜರ್ನರ್’. ಅದರ ತೂಕ ಸುಮಾರು 10 ಕಿಲೋಗ್ರಾಂ ಮಾತ್ರ.

ಇಂಥ ಬಂಡಿಯನ್ನು ನಡೆಸುವ ಬಗೆ ಹೇಗೆ? ನಮ್ಮ ಮನೆಯ ರೇಡಿಯೋ ತಿರುಗಿಸಿದೊಡನೆ ದನಿ ಕೇಳುತ್ತದೆ. ಅದೇ ಬಗೆಯ ಅಲೆ ಮಂಗಳವನ್ನು ಮುಟ್ಟಲು 3ರಿಂದ 22 ನಿಮಿಷ ಬೇಕು. ಎತ್ತಿನ ಹಗ್ಗ ಜಗ್ಗಿದಂತೆ ಆಗಿಂದಾಗ್ಗೆ ತಿರುಗಿಸಲಾಗದು. ದಿನದ ಕೆಲಸವನ್ನೆಲ್ಲ ಮೊದಲೇ ಹೇಳಿ ಕಳುಹಿಸಿ, ಉತ್ತರಕ್ಕಾಗಿ ಕಾದಿರಬೇಕು.

2004ರ ಜನವರಿಯಲ್ಲಿ ‘ಸ್ಪಿರಿಟ್’ ಮತ್ತು ‘ಆಪರ್ಚುನಿಟಿ’ ಎಂಬ ಅವಳಿ ಬಂಡಿಗಳು ಇಳಿದವು. ಅವುಗಳಿಗೆ ಗೊತ್ತುಮಾಡಿದ್ದ ಅವಧಿ ಮಂಗಳದ 90 ದಿನ. ಎರಡೂ ವರ್ಷಗಟ್ಟಲೆ ದುಡಿದವು. 2006ರಲ್ಲಿ ಸ್ಪಿರಿಟ್ಟಿನ ಆರು ಗಾಲಿಗಳ ಪೈಕಿ ಮುಂದಿನ ಬಲಗಾಲಿ ತಿರುಗದಾಯಿತು. ನಡೆಸುವವರು ಎದೆಗುಂದದೆ ಬಂಡಿಯನ್ನು ಹಿಮ್ಮುಖವಾಗಿ ನಡೆಸಿ, ಕೆಟ್ಟ ಗಾಲಿಯನ್ನು ಎಳೆಸಿಕೊಂಡು ಹೋದರು. ಅದು ನೇಗಿಲಿನಂತೆ ನೆಲವನ್ನು ಸೀಳುತ್ತ ಸಾಗಿತು.

2007ರಲ್ಲಿ ಆ ಸಾಲಿನೊಳಗೆ ಬಿಳಿಯ ಮಣ್ಣು ಕಂಡಿತು. ಪರೀಕ್ಷಿಸಲು, ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ಸಿಲಿಕಾ, ಅಂದರೆ ಬೆಣಚುಕಲ್ಲಿನ ದ್ರವ್ಯವೇ ಇತ್ತು. ಬಿಸಿನೀರೋ ಹಬೆಯೋ ನೆಲದಿಂದ ಉಕ್ಕುವ ಕಡೆ ಇಂಥ ಮಣ್ಣು ಉಂಟಾಗುತ್ತದೆ. ನಮ್ಮ ಭೂಮಿಯಲ್ಲಿ ಅಂಥ ಬಿಸಿನೀರ ಬುಗ್ಗೆಗಳಲ್ಲಿ ಸೂಕ್ಷ್ಮಜೀವಿಗಳು ಬಾಳುತ್ತವೆ. ಗಾಲಿ ಸರಿಯಾಗಿ ತಿರುಗಿದ್ದರೆ ಈ ಮಣ್ಣು ಕೆಂಧೂಳಿನ ಕೆಳಗೇ ಅಡಗಿ ಉಳಿಯುತ್ತಿತ್ತು.

2009ರಲ್ಲಿ ಸ್ಪಿರಿಟ್ ಮರಳಿನಲ್ಲಿ ಹೂತುಕೊಂಡು, 2010ರ ಮಾರ್ಚಿನಲ್ಲಿ ಮೌನವಾಯಿತು. ಆಪರ್ಚುನಿಟಿ 45 ಕಿಲೋಮೀಟರಿಗೂ ಹೆಚ್ಚು ನಡೆದು, 2018ರ ಜೂನಿನಲ್ಲಿ ಧೂಳಿನ ಬಿರುಗಾಳಿಗೆ ಸಿಕ್ಕಿ ಸುಮ್ಮನಾಯಿತು. 2012ರಲ್ಲಿ ‘ಕ್ಯೂರಿಯಾಸಿಟಿ’, 2021ರಲ್ಲಿ ‘ಪರ್ಸಿವಿಯರೆನ್ಸ್’ ಮತ್ತು ಚೀನಾದ ‘ಝೂರೋಂಗ್’ ಅಲ್ಲಿ ಇಳಿದವು.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಕುಂಟು ಗಾಲಿಯ ಮೇಲೆಯೇ ಹೆಚ್ಚು ಮಮತೆ. ಹಿಂದುಳಿದ ಹುಡುಗನನ್ನು ದಡ್ಡನೆಂದು ಬದಿಗೆ ಕೂರಿಸುವ ಮುನ್ನ ಅದನ್ನು ನೆನೆಯುತ್ತೇನೆ. ಕುಜದೋಷವೆಂದು ಅಂಜುವ ನಮಗೆ, ಕುಜನ ಮೇಲೆಯೇ ದೋಷವೊಂದು ಗುಣವಾಗಿ ಫಲಿಸಿದ ಈ ಕಥೆ ನೆನಪಿನಲ್ಲಿರಲಿ.