ಗರಡಿಯಿಲ್ಲದ ಪೈಲ್ವಾನರು

ನಮ್ಮ ಜಿಲ್ಲೆಯ ಅತ್ಯಂತ ಪ್ರಸಿದ್ಧ ಫೈಟ್ ಯಾವುದು ಅಂತ ಕೇಳಿದರೆ ನೀವು ಚುನಾವಣೆ ಅಂತೀರಿ. ಹಾಸನ, ಹೊಳೆನರಸೀಪುರ ಅಂದ ಕೂಡಲೇ ಟಿ.ವಿ. ನೋಡುವವರಿಗೆ ನೆನಪಾಗೋದು ಅದೇ. ನಾನು ಹೇಳ್ತಿರೋದು ಅದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿದ್ದಾನಲ್ಲ, ಆ ಗೊಮ್ಮಟನ ಫೈಟ್. ಭರತ ಚಕ್ರವರ್ತಿ ದಿಗ್ವಿಜಯ ಮುಗಿಸಿ ಬಂದ, ತಮ್ಮ ಬಾಹುಬಲಿ ತಲೆಬಾಗಲಿಲ್ಲ. ಎರಡೂ ಕಡೆ ಸೈನ್ಯ ನಿಂತಿತು. ಆಗ ಮಂತ್ರಿಗಳು ಒಂದು ಬುದ್ಧಿವಂತಿಕೆಯ ಮಾತು ಹೇಳಿದರು. ಅಣ್ಣ ತಮ್ಮಂದಿರ ಜಗಳಕ್ಕೆ ಸೈನಿಕರು ಯಾಕೆ ಸಾಯಬೇಕು? ನೀವಿಬ್ಬರೇ ನಿಯಮ ಹಾಕಿಕೊಂಡು ತೀರ್ಮಾನ ಮಾಡಿಕೊಳ್ಳಿ. ಹಾಗೆ ಮೂರು ಸುತ್ತು ನಿಗದಿಯಾಯಿತು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ರೆಪ್ಪೆ ಹೊಡೆದವನು ಸೋತ. ಮೂರೂ ಸುತ್ತು ತಮ್ಮನದೇ. ಸೋಲು ತಡೆಯಲಾಗದೆ ಅಣ್ಣ ಚಕ್ರ ಬಿಟ್ಟ, ಅಂದರೆ ನಿಯಮ ಮುರಿದ. ಗೆದ್ದವನಿಗೆ ಗೆಲುವೇ ಬೇಡವಾಯಿತು. ಪಂಪ 941ರಲ್ಲಿ ಈ ಕಥೆಯನ್ನು ಕನ್ನಡಕ್ಕೆ ತಂದ. ಸುಮಾರು 981ರಲ್ಲಿ ಚಾವುಂಡರಾಯ ಅದೇ ಬಾಹುಬಲಿಯನ್ನು ಕಲ್ಲಿನಲ್ಲಿ ನಿಲ್ಲಿಸಿದ.

ಇಬ್ಬರೇ ಇಬ್ಬರು, ಎದುರು ಬದುರು, ನಿಗದಿಯಾದ ಸುತ್ತು, ಯಾರೂ ಸಾಯುವ ಹಾಗಿಲ್ಲ. ಇವತ್ತು ಫೈಟಿಂಗ್ ಗೇಮ್ ಅಂತ ಯಾವುದನ್ನು ಕರೀತೀವೋ ಅದರ ನಿಯಮವೂ ಇಷ್ಟೇ. ಸ್ಟ್ರೀಟ್ ಫೈಟರ್, ಟೆಕ್ಕನ್, ಕಿಂಗ್ ಆಫ್ ಫೈಟರ್ಸ್. ಮಕ್ಕಳ ಆಟ, ಟೈಮ್ ವೇಸ್ಟ್ ಅಂತ ನೀವು ಚಾನೆಲ್ ಬದಲಾಯಿಸುವ ಮುಂಚೆ ಒಂದು ಮಾತು. 2023ರ ಸೆಪ್ಟೆಂಬರ್ 18ಕ್ಕೆ ನಮ್ಮ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಾವೆಲ್ಲ ಸ್ಟುಡಿಯೋದಲ್ಲಿ ಹಬ್ಬ ಮಾಡಿದೆವು. ಆಮೇಲೆ ಹತ್ತೇ ದಿನಕ್ಕೆ, ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್‌ಗೆ ಚಿನ್ನದ ಪದಕ ಕೊಟ್ಟರು. ಪ್ರದರ್ಶನದ ಪಂದ್ಯವಲ್ಲ, ಲೆಕ್ಕಕ್ಕೆ ಬರುವ ನಿಜವಾದ ಪದಕ. ಗೆದ್ದವರು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ. ವಯಸ್ಸು 44. ಮಕ್ಕಳ ಆಟ! ನಮ್ಮ ದೇಶದಿಂದ ಮಯಾಂಕ್ ಪ್ರಜಾಪತಿ, ಅಯಾನ್ ಬಿಸ್ವಾಸ್ ಹೋಗಿದ್ದರು. ಪದಕದ ಹತ್ತಿರ ಹೋಗಲಿಲ್ಲ. ಆ ಸುದ್ದಿಗೆ ಕನ್ನಡ ಚಾನೆಲ್‌ಗಳಲ್ಲಿ ಸಿಕ್ಕ ಜಾಗ ಎಷ್ಟು ಅಂತ ಕೇಳಬೇಡಿ.

ಯಾಕೆ ಹತ್ತಿರ ಹೋಗಲಿಲ್ಲ? ಉತ್ತರ ನಮ್ಮ ಹಳೇ ಮೈಸೂರು ಸೀಮೆಗೆ ಚೆನ್ನಾಗಿ ಗೊತ್ತಿದ್ದು ಮರೆತ ಒಂದು ಜಾಗದಲ್ಲಿದೆ. ಗರಡಿ ಮನೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಅಂತ ಒಂದು ಭಾಗವೇ ಇದೆ. ನಮ್ಮ ಹೊಯ್ಸಳರು ಆಗಿನ್ನೂ ಅವನ ಸಾಮಂತರು. ಆ ಪುಸ್ತಕದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಅಂತ ವಿಂಗಡಿಸಿದ್ದಾನೆ. ಅವರ ಊಟ ಏನು, ಸಾಮು ಏನು, ಎಲ್ಲ ಇದೆ. ಜ್ಯೇಷ್ಠಿ ಅನ್ನೋ ಪದವೇ ಮುಂದೆ ಜಟ್ಟಿ ಆಯಿತು ಅನ್ನುತ್ತಾರೆ. ಜಟ್ಟಿಗಳು ಇವತ್ತಿಗೂ ಇದ್ದಾರೆ. ಮೈಸೂರು ಅರಮನೆಯಲ್ಲಿ ವಿಜಯದಶಮಿ ದಿನ ವಜ್ರಮುಷ್ಟಿ ಕಾಳಗ ನಡೆಯುತ್ತಲ್ಲ, ತಲೆ ಬೋಳಿಸಿಕೊಂಡು ಎರಡು ಜೋಡಿ ಇಳಿಯುತ್ತವೆ, ಯಾರ ತಲೆಯಿಂದಲಾದರೂ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತೆ. ನೋಡೋಕೆ ಅರೆ ನಿಮಿಷದ ಆಟ. ಅದಕ್ಕೆ ಹಿಂದೆ ವಾರಗಟ್ಟಲೆ ಉಸ್ತಾದರ ಕೈಕೆಳಗೆ ತಾಲೀಮು ನಡೆದಿರುತ್ತೆ. ಟಿ.ವಿ.ಯವರು ಅರೆ ನಿಮಿಷ ತೋರಿಸುತ್ತೇವೆ, ತಾಲೀಮು ತೋರಿಸಲ್ಲ.

ಗರಡಿ ಮನೆಯಲ್ಲಿ ಏನಿತ್ತು? ಕೆಂಪು ಮಣ್ಣು, ಅದಕ್ಕೆ ಎಣ್ಣೆ, ಅರಿಶಿನ. ಮೂಲೆಯಲ್ಲಿ ಗದೆ. ಆಂಜನೇಯನ ಪಟ. ಬೆಳಗ್ಗೆ ದಂಡ, ಬಸ್ಕಿ. ಇವೆಲ್ಲ ಮನೆಯಲ್ಲೂ ಮಾಡಬಹುದು ಬಿಡಿ. ಮನೆಯಲ್ಲಿ ಸಿಗದೇ ಇದ್ದದ್ದು ಎರಡೇ: ಜೋಡಿ ಮತ್ತು ಉಸ್ತಾದ್. ನೀನು ಹಾಕುವ ಪಟ್ಟು ದಿನಾ ತಿನ್ನುವವನೊಬ್ಬ, ತಿಂದು ತಿಂದು ಅದಕ್ಕೆ ಪ್ರತಿಪಟ್ಟು ಕಂಡುಹಿಡಿಯುವವನೊಬ್ಬ. ಪಕ್ಕದಲ್ಲಿ ಕೂತು, ಲೋ ನಿನ್ನ ಎಡಗಾಲು ಮುಂದೆ ಬಂದಾಗಲೇ ಅವನಿಗೆ ಗೊತ್ತಾಗ್ತಿದೆ ಕಣೋ, ಅಂತ ಹೇಳುವ ಮುದುಕನೊಬ್ಬ. ನಿನ್ನೆ ಕೆಲಸ ಮಾಡಿದ ಪಟ್ಟು ಇವತ್ತು ಕೆಲಸ ಮಾಡಲ್ಲ. ಹಾಗಾಗಿ ಹೊಸದು ಹುಡುಕಬೇಕು. ಹೀಗೆ ಇಡೀ ಗರಡಿಯೇ ಒಟ್ಟಿಗೆ ಮೇಲೇರುತ್ತೆ. ಒಬ್ಬನೇ ಏರೋಕೆ ಆಗಲ್ಲ.

ರಣಧೀರ ಕಂಠೀರವನ ಕಥೆ ನಿಮಗೆಲ್ಲ ಗೊತ್ತು. 1960ರಲ್ಲಿ ರಾಜ್‌ಕುಮಾರ್ ಮಾಡಿದ್ದಾರೆ. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ಊರ ಬಾಗಿಲಿಗೆ ತನ್ನ ಚಲ್ಲಣ ಕಟ್ಟಿದ್ದನಂತೆ, ಒಳಗೆ ಬರುವವರು ಅದರ ಕೆಳಗೆ ನುಗ್ಗಿ ಬರಬೇಕು. ತೆರಕಣಾಂಬಿಯಲ್ಲಿದ್ದ ಕಂಠೀರವ ನರಸರಾಜ ವೇಷ ಮರೆಸಿಕೊಂಡು ಹೋಗಿ ಅವನನ್ನು ಮುಗಿಸಿ ಬಂದನಂತೆ. ಆಮೇಲೆ 1638ರಿಂದ 1659ರವರೆಗೆ ಮೈಸೂರು ಆಳಿದ. ಕಥೆಯಲ್ಲಿ ಉತ್ಪ್ರೇಕ್ಷೆ ಎಷ್ಟಾದರೂ ಇರಲಿ, ಒಂದು ವಿಷಯ ಗಮನಿಸಿ. ದೊಡ್ಡ ಊರಿನ ಗೆದ್ದಾತನಿಗೆ ತೆರಕಣಾಂಬಿಯಂಥ ಊರಲ್ಲಿ ಯಾರು ಅಭ್ಯಾಸ ಮಾಡ್ತಿದ್ದಾರೆ ಅನ್ನೋದೇ ಗೊತ್ತಿರಲಿಲ್ಲ.

ಇದೇ ಕಥೆ 2019ರಲ್ಲಿ ಮತ್ತೆ ನಡೆಯಿತು. ಈ ಸಲ ಲಾಹೋರಿನಿಂದ. ಹೌದು, ಪಾಕಿಸ್ತಾನದ ಲಾಹೋರ್. ಸಿಟ್ಟಾಗಬೇಡಿ, ಕುಸ್ತಿಯ ಲೆಕ್ಕದಲ್ಲಿ ಲಾಹೋರ್ ನಮಗೆ ದೂರದ್ದಲ್ಲ. 1910ರಲ್ಲಿ ಲಂಡನ್ನಿಗೆ ಹೋಗಿ ಜ್‌ಬಿಷ್ಕೋ ಅನ್ನೋ ದೈತ್ಯನನ್ನು ಎರಡೂವರೆ ಗಂಟೆ ಮೇಲೇಳದ ಹಾಗೆ ಮಾಡಿದ, ಮರುಪಂದ್ಯಕ್ಕೆ ಅವನು ಬಾರದೇ ಹೋದಾಗ ಪಟ್ಟ ಗೆದ್ದ ಗಾಮಾ ಪೈಲ್ವಾನ್ ಕೊನೆಗಾಲ ಕಳೆದದ್ದು ಅದೇ ಊರಲ್ಲಿ. ಆ ಊರಿನ ಅರ್ಸಲಾನ್ ಆಶ್ ಅನ್ನೋ ಹುಡುಗ, ವೀಸಾ ವಿಮಾನಗಳ ಪಾಡು ಪಟ್ಟು, 2019ರ ಫೆಬ್ರವರಿಯಲ್ಲಿ ಜಪಾನಿಗೆ ಹೋಗಿ ಟೆಕ್ಕನ್ ಗೆದ್ದ. ಯಾರಿಗೂ ಅವನ ಪರಿಚಯವೇ ಇರಲಿಲ್ಲ. ಆಗಸ್ಟಿನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ, ಇವೋ ಅಂತ ಕರೆಯುವ ಅತಿದೊಡ್ಡ ಪಂದ್ಯಾವಳಿಯ ಫೈನಲ್‌ನಲ್ಲಿ ಕೊರಿಯಾದ ನೀ ಅನ್ನೋ ದಿಗ್ಗಜನನ್ನು ಸೋಲಿಸಿದ. ಗೆದ್ದ ಮೇಲೆ ಅವನು ಹೇಳಿದ್ದು ಇಷ್ಟು: ನಮ್ಮಲ್ಲಿ ನನ್ನಂಥವರು ಇನ್ನೂ ಇದ್ದಾರೆ. ಜಗತ್ತು ನಂಬಲಿಲ್ಲ. ಅದೇ ವರ್ಷ ನೀ ಸ್ವತಃ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಹುಡುಗರ ಜೊತೆ ಕೂತು ಆಡಿದ, ಅವರ ಕೈಲಿ ಸೋಲನ್ನೂ ಕಂಡ. 2023ರ ಫೆಬ್ರವರಿಯಲ್ಲಿ ಟೆಕ್ಕನ್ ವರ್ಲ್ಡ್ ಟೂರ್ ಫೈನಲ್ ಗೆದ್ದದ್ದು ಅತಿಫ್ ಬಟ್, ಅವನೂ ಪಾಕಿಸ್ತಾನಿ.

ರಹಸ್ಯ ಏನು? ಆರ್ಕೇಡ್. ನಮ್ಮಲ್ಲಿ ವಿಡಿಯೋ ಗೇಮ್ ಅಂಗಡಿ ಅಂತಿದ್ದೆವಲ್ಲ, ಅದು. ಗೆದ್ದವನು ಕೂತಿರುತ್ತಾನೆ, ಸೋತವನು ಏಳಬೇಕು, ಹಿಂದೆ ನಿಂತವನು ಮುಂದೆ ಬರಬೇಕು. ದುಡ್ಡಿಲ್ಲದ ಹುಡುಗ ಕಾಸು ಉಳಿಸಬೇಕಾದರೆ ಗೆಲ್ಲಲೇಬೇಕು. ಅರ್ಸಲಾನ್ ಅಲ್ಲಿ ಕಿಂಗ್ ಆಫ್ ಫೈಟರ್ಸ್ ಆಡಿ ಬೆಳೆದವನು. ಹೆಸರು ಬೇರೆ ಅಷ್ಟೇ, ಅದು ಗರಡಿ.

ನಾನು ಇಂಜಿನಿಯರಿಂಗ್ ಓದಿದ್ದು ಹಾಸನದಲ್ಲಿ. ಓದಿದ್ದಕ್ಕೂ ಮಾಡ್ತಿರೋದಕ್ಕೂ ಸಂಬಂಧವಿಲ್ಲ ಅಂತ ನಮ್ಮಪ್ಪ ಇವತ್ತಿಗೂ ಹೇಳ್ತಾರೆ. ಆದರೆ ಈ ವಿಷಯ ವಿವರಿಸೋಕೆ ಓದು ಸ್ವಲ್ಪ ಕೆಲಸಕ್ಕೆ ಬರುತ್ತೆ. ಈ ಗೇಮ್‌ಗಳಲ್ಲಿ ಒಂದು ಸೆಕೆಂಡಿಗೆ 60 ಚಿತ್ರ, ಅಂದರೆ 60 ಫ್ರೇಮ್. ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಟೆಕ್ಕನ್‌ನಲ್ಲಿ ವೇಗದ ಗುದ್ದು 10 ಫ್ರೇಮ್‌ಗೆ ಮೈಮೇಲೆ ಬೀಳುತ್ತೆ, ಅಂದರೆ 167 ಮಿಲಿಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ಕೈ ಓಡೋಕೆ 200ರಿಂದ 250 ಮಿಲಿಸೆಕೆಂಡ್ ಬೇಕು. ಲೆಕ್ಕ ಹಾಕಿ. ನೋಡಿ ತಡೆಯೋಕೆ ಆಗೋದೇ ಇಲ್ಲ! ಮೊದಲೇ ಊಹಿಸಬೇಕು. ಎದುರಿನವನು ಹೆದರಿದಾಗ ಏನು ಮಾಡ್ತಾನೆ, ಗೆಲ್ಲುವಾಗ ಏನು ಮಾಡ್ತಾನೆ, ಅವನ ಚಾಳಿ ಗೊತ್ತಿರಬೇಕು. ಚಾಳಿ ಇರೋದು ಮನುಷ್ಯನಿಗೆ. ಕಂಪ್ಯೂಟರ್ ಜೊತೆ ಆಡಿ ಕಂಪ್ಯೂಟರನ್ನು ಸೋಲಿಸೋದು ಕಲೀತೀರಿ, ಅಷ್ಟೇ.

ಆನ್‌ಲೈನ್ ಇದೆಯಲ್ಲ ಅಂತೀರಾ? ಇದೆ. ಟೋನಿ ಕ್ಯಾನನ್ ಅನ್ನೋರು 2006ರಲ್ಲಿ ರೋಲ್‌ಬ್ಯಾಕ್ ಅನ್ನೋ ತಂತ್ರ ಬರೆದರು, ಎದುರಿನವನು ಏನು ಒತ್ತಬಹುದು ಅಂತ ಮೊದಲೇ ಊಹಿಸಿ ಆಟ ಮುಂದುವರಿಸಿ, ತಪ್ಪಾದರೆ ಹಿಂದೆ ಹೋಗಿ ಸರಿಪಡಿಸುತ್ತೆ. ಅದ್ಭುತ ಇಂಜಿನಿಯರಿಂಗ್. ಆದರೆ ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತೆ. ಹಾಸನದಿಂದ ಟೋಕಿಯೋ 6,000 ಕಿ.ಮೀ.ಗೂ ಹೆಚ್ಚು. ನೇರ ಗೆರೆ ಎಳೆದರೂ ಎರಡು ಫ್ರೇಮ್ ದಾರಿಯಲ್ಲೇ ಖರ್ಚು. ಇದಕ್ಕೆ ಯಾವ ಕಂಪನಿಯನ್ನೂ ಬೈದು ಪ್ರಯೋಜನವಿಲ್ಲ. ಅದಕ್ಕೇ ಪದಕದ ಪಂದ್ಯ ಇವತ್ತಿಗೂ ಒಂದೇ ಕೋಣೆಯಲ್ಲಿ ಪಕ್ಕ ಪಕ್ಕ ಕೂರಿಸಿ ಆಡಿಸುತ್ತಾರೆ.

2008–09ರಲ್ಲಿ ನಮ್ಮ ಹಾಸ್ಟೆಲಿನಲ್ಲೂ ಒಂದು ಗರಡಿ ಇತ್ತು ಅಂತ ನನಗೆ ಆಗ ಅನ್ನಿಸಿರಲಿಲ್ಲ. ಒಂದು ಹಳೇ ಕಂಪ್ಯೂಟರ್, ಟೆಕ್ಕನ್ 3. ಹಾಸ್ಟೆಲ್‌ನಲ್ಲಿ ಹುಡುಗರಿಗೆ ಊರಿನ ಹೆಸರೇ ಹೆಸರು. ಅರಕಲಗೂಡು, ಹೊಳೆನರಸೀಪುರ, ಪಟ್ಟಣ. ಮೂರೂ ಊರು 30–40 ಕಿ.ಮೀ. ಒಳಗೆ, ಆದರೂ ಭಾನುವಾರ ಯಾರೂ ಮನೆಗೆ ಹೋಗ್ತಿರಲಿಲ್ಲ. ಊರಿಗೆ ಹೋದವನೂ ಮಧ್ಯಾಹ್ನದ ಬಸ್ಸಿಗೆ ಮೂಟೆ ಹೊತ್ತು ವಾಪಸ್. ಒಂದೇ ಕೀಬೋರ್ಡಿಗೆ ಎರಡು ಜನ. ಅಗ್ಗದ ಕೀಬೋರ್ಡಿನಲ್ಲಿ ನಾಲ್ಕೈದು ಕೀ ಒಟ್ಟಿಗೆ ಒತ್ತಿದರೆ ಕೆಲವು ಕೆಲಸ ಮಾಡಲ್ಲ. ಪಟ್ಟಣ ಬೇಕಂತಲೇ ಎರಡು ಕೀ ಒತ್ತಿ ಹಿಡಿದು ಎದುರಿನವನ ಕೈ ಕಟ್ಟಿಹಾಕ್ತಿದ್ದ! ಭರತನ ಚಕ್ರ ಇದೇ ಇರಬೇಕು.

ಶುರುವಿನಲ್ಲಿ ಎಲ್ಲರೂ ಎಡ್ಡಿಯನ್ನು ಹಿಡಿದು ಬಾಯಿಗೆ ಬಂದ ಹಾಗೆ, ಅಲ್ಲ, ಕೈಗೆ ಬಂದ ಹಾಗೆ ಒತ್ತೋರು. ಅದನ್ನು ನಿಲ್ಲಿಸಿದವನು ಅರಕಲಗೂಡು. ಅವನು ಜಾಗ್ವಾರ್ ಮುಖವಾಡದ ಕುಸ್ತಿಪಟು ಕಿಂಗ್‌ನನ್ನು ಆಡ್ತಿದ್ದ. ಕಿಂಗ್‌ನ ಹಿಡಿತ ಒಂದಾದ ಮೇಲೊಂದು ಬರುತ್ತೆ, ಪ್ರತಿ ಹಿಡಿತಕ್ಕೂ ಬಿಡಿಸಿಕೊಳ್ಳುವ ಗುಂಡಿ ಬೇರೆ. ಗೊತ್ತಿಲ್ಲದವನು ಒಮ್ಮೆ ಸಿಕ್ಕರೆ ಕಥೆ ಮುಗೀತು. ಒಂದು ತಿಂಗಳು ನಾವೆಲ್ಲ ಅವನ ಕೈಲಿ ಬಿದ್ದು ಒದ್ದಾಡಿದೆವು. ಆಮೇಲೆ ಅವನೇ ಲಾಂಗ್‌ಬುಕ್‌ನ ಹಿಂದಿನ ಹಾಳೆಗಳಲ್ಲಿ ಯಾವ ಹಿಡಿತಕ್ಕೆ ಯಾವ ಗುಂಡಿ ಅಂತ ಬರೆದು ಗೋಡೆಗೆ ಅಂಟಿಸಿದ. ಹುಚ್ಚಾ ಮಗಾ ನಿಂಗೆ, ಅಂತ ಕೇಳಿದ್ದಕ್ಕೆ, ನೀವು ಬಿಡಿಸಿಕೊಳ್ಳೋದು ಕಲಿತರೆ ತಾನೆ ನಾನು ಹೊಸದು ಕಲಿಯೋದು, ಅಂದ. ಆಮೇಲೆ ಒಂದು ನಿಯಮ ಬಂತು: ಸೋತವನು ಎದ್ದು ಹೋಗುವ ಮುಂಚೆ ಯಾಕೆ ಸೋತೆ ಅಂತ ಬಾಯಿಬಿಟ್ಟು ಹೇಳಬೇಕು. ಕೀಬೋರ್ಡ್ ಸರಿ ಇರಲಿಲ್ಲ ಅನ್ನೋ ಹಾಗಿಲ್ಲ. ಆರು ತಿಂಗಳಲ್ಲಿ ನಮ್ಮ ಆಟ ಗುರುತೇ ಸಿಗದ ಹಾಗೆ ಬದಲಾಗಿತ್ತು. ಬೇರೆ ಬ್ಲಾಕಿನವರು ಬಂದು ನಿಂತು ನೋಡೋರು.

ಅರ್ಸಲಾನ್ ಹುಟ್ಟಿದ್ದು 1995ರಲ್ಲಿ. ನಮಗಿಂತ ಚಿಕ್ಕವನು. ಅವನ ಕೈಯಲ್ಲಿದ್ದದ್ದೂ ಇಂಥವೇ ಹಳೇ ಆಟಗಳು. ವ್ಯತ್ಯಾಸ ಇಷ್ಟೇ, ಹಾಸ್ಟೆಲ್ ಅನ್ನೋದು ನಾಲ್ಕು ವರ್ಷಕ್ಕೆ ಬೀಗ ಬೀಳುವ ಗರಡಿ. ಕಲಿತವರೆಲ್ಲ ಒಂದೇ ದಿನ ಟ್ರಂಕು ಹೊತ್ತು ಬೆಂಗಳೂರು ಬಸ್ ಹತ್ತುತ್ತಾರೆ. ಮುಂದಿನ ಬ್ಯಾಚಿನವರು ಮತ್ತೆ ಎಡ್ಡಿಯಿಂದ ಶುರು ಮಾಡಬೇಕು. ಉಸ್ತಾದ್ ಆಗುವಷ್ಟು ವಯಸ್ಸಾಗುವ ತನಕ ಯಾರೂ ಉಳಿಯಲ್ಲ. ಲಾಹೋರಿನಲ್ಲಿ ಉಳಿದರು. ಕೊರಿಯಾದಲ್ಲಿ 44 ವರ್ಷದವರೆಗೂ ಉಳಿದರು.

ನಮ್ಮಲ್ಲಿ ಇನ್ನೊಂದು ತೊಡಕು. ಗೇಮ್ ಅಂಗಡಿ ಅಂದರೆ ಜೂಜು ಅನ್ನೋ ಭಾವನೆ. ಸುಳ್ಳೂ ಅಲ್ಲ ಬಿಡಿ, ದುಡ್ಡಿನ ಆಟಕ್ಕೆ ಬಿದ್ದು ಹಾಳಾದ ಮನೆಗಳ ಸುದ್ದಿ ನಾನೇ ಎಷ್ಟೋ ಸಲ ಓದಿದ್ದೇನೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಗೇಮಿಂಗ್ ಮೇಲೆ ನಿಷೇಧ ಹೇರಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು ದುಡ್ಡಿನ ಆಟ ಬೇರೆ, ಇ-ಸ್ಪೋರ್ಟ್ಸ್ ಬೇರೆ ಅಂತ ಗೆರೆ ಎಳೆಯಿತು. ಒಳ್ಳೆಯದು, ನಾನು ಸ್ವಾಗತಿಸುತ್ತೇನೆ. ಆದರೆ ಗೆರೆ ಎಳೆದ ಮಾತ್ರಕ್ಕೆ ಗೆರೆಯ ಈಚೆಗೆ ಕೋಣೆ ಎದ್ದು ನಿಲ್ಲಲ್ಲ. ಈಗ ಪ್ರತಿ ಹುಡುಗನೂ ತನ್ನ ಮೊಬೈಲ್ ಹಿಡಿದು ತನ್ನ ಮೂಲೆಯಲ್ಲಿ ಒಬ್ಬನೇ ಸೋಲುತ್ತಾನೆ, ಯಾಕೆ ಸೋತೆ ಅಂತ ಹೇಳೋಕೆ ಪಕ್ಕದಲ್ಲಿ ಯಾರೂ ಇಲ್ಲ. ಸೋತ ಸಿಟ್ಟಿಗೆ ಮತ್ತೆ ಆಡ್ತಾನೆ. ಅಪ್ಪ ಅಮ್ಮ ಅದನ್ನು ಚಟ ಅಂತಾರೆ. ಹೌದು, ಹಾಗೆ ಆಡಿದರೆ ಅದು ಚಟವೇ.

ಸರ್ಕಾರದ ಅನಿಮೇಷನ್, ಗೇಮಿಂಗ್ ನೀತಿಯ ಹೊಸ ಆವೃತ್ತಿ 2024ರಿಂದ 2029ರವರೆಗೆ ಜಾರಿಯಲ್ಲಿದೆ. 2026ರ ಏಷ್ಯನ್ ಗೇಮ್ಸ್ ಪಟ್ಟಿಯಲ್ಲೂ ಫೈಟಿಂಗ್ ಗೇಮ್ ಇದೆ. ತಾಲ್ಲೂಕು ಕೇಂದ್ರದಲ್ಲಿ ಒಂದು ಕೋಣೆ, ಎರಡು ಟಿ.ವಿ., ಎರಡು ಕನ್ಸೋಲ್, ಶನಿವಾರ ಭಾನುವಾರ ಬಾಗಿಲು ತೆಗೆಯುವ ಒಬ್ಬರು. ಬೇಕಾಗಿರೋದು ಇಷ್ಟೇ. ಗರಡಿಗೆ ಹೆಣ್ಣುಮಕ್ಕಳನ್ನು ಬಿಡೋಕೆ ನಾವು ಶತಮಾನ ತೆಗೆದುಕೊಂಡೆವು, ಇಲ್ಲಿ ಮೊದಲ ದಿನದಿಂದಲೇ ಬಿಡಬಹುದು. ಬಾಗಿಲು ಮುಚ್ಚಿದ ಹಳೇ ಗರಡಿ ಮನೆಗಳೇ ಇರುವಾಗ ಹೊಸ ಕಟ್ಟಡವೂ ಬೇಡ. ಮಣ್ಣಿನ ಅಖಾಡ ಹಾಗೇ ಇರಲಿ, ಪಕ್ಕದ ಕೋಣೆ ಸಾಕು. ಬೆಳಗ್ಗೆ ಬಸ್ಕಿ ಹೊಡೆದವನಿಗೆ ಮಾತ್ರ ಸಂಜೆ ಕಂಟ್ರೋಲರ್ ಅಂತ ಉಸ್ತಾದರು ನಿಯಮ ಹಾಕಿದರೂ ನನ್ನ ತಕರಾರಿಲ್ಲ.

ಈ ವಿಷಯವನ್ನು ಕಾರ್ಯಕ್ರಮದಲ್ಲಿ ಹೇಳಿದ ರಾತ್ರಿ ಅರಕಲಗೂಡು ಫೋನ್ ಮಾಡಿದ್ದ. ಬೆಂಗಳೂರು ಬಿಟ್ಟು ಊರಿಗೆ ವಾಪಸ್ ಬಂದು ಶುಂಠಿ, ಆಲೂಗಡ್ಡೆ ಅಂತ ತೋಟ ನೋಡಿಕೊಂಡಿದ್ದಾನೆ. ಹನ್ನೊಂದು ವರ್ಷದ ಮಗನಿಗೆ ಕಿಂಗ್‌ನ ಹಿಡಿತ ಬಿಡಿಸಿಕೊಳ್ಳೋದು ಹೇಳಿಕೊಟ್ಟಿದ್ದಾನಂತೆ, ಆದರೆ ಆ ಹುಡುಗನಿಗೆ ಅಪ್ಪನನ್ನು ಬಿಟ್ಟರೆ ಜೋಡಿ ಇಲ್ಲ. "ಟಿ.ವಿ. ನಾನು ತರ್ತೀನಿ ಕಣೋ, ಜಾಗ ನೀನು ನೋಡು" ಅಂದ.